ಪತಂಗ ಕರೆಯುವ ಬಾಈ

ಮರಾಠಿಯಲ್ಲಿ ಪತಂಗವೆಂದರೆ ಗಾಳಿಪಟ. ಧಾರವಾಡದ ಅವಧೂತನಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಹುಳದ ವಿಷಯ ಬಂತೆಂದರೆ ಆ ಪುಣ್ಯಾತ್ಮನಿಗೆ ಮೈಮೇಲೆ ಎಚ್ಚರವೇ ಇರುತ್ತಿರಲಿಲ್ಲ. ಪುಣೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತ, ಕೋಥರೂಡದ ಹೊಲಗಳ ನಡುವಿನ ಮನೆಯಲ್ಲಿ ಪೇರಲ ಎಲೆ ಹಾಕಿ ಕಂಬಳಿಹುಳ ಸಾಕುತ್ತಿದ್ದ. ಆ ಬೆಳಗ್ಗೆ ಗೂಡೊಡೆದು ಅಂಗೈಯಗಲದ ಹಸಿರು ಹೆಣ್ಣು ಪತಂಗ ಹೊರಬಂದಿತ್ತು.

"ಇದಕ್ಕ ಬಾಯಿನ ಇಲ್ಲ, ಭಾಮಾ. ಉಣ್ಣೂದಿಲ್ಲ, ಕುಡಿಯೂದಿಲ್ಲ. ವಾರದಾಗ ಸಾಯ್ತದ. ಅಷ್ಟರಾಗ ಬರೇ ವಾಸನಿಯಿಂದ ಗಂಡಿನ್ನ ಕರೀಬೇಕು."

"ನೀವು ನನ್ನ ಕಡೆ ನೋಡಬೇಕಂದ್ರ ನಾನೂ ಹುಳಾ ಆಗಿ ಹುಟ್ಟಬೇಕಿತ್ರಿ," ಎಂದಳು ಹೆಂಡತಿ.

ಅವಧೂತ ಖುಷಿ ತಡೆಯಲಾರದೆ ಚಹಾದಂಗಡಿಯಲ್ಲಿ ತನ್ನ ಹರಕು ಮರಾಠಿಯಲ್ಲಿ ಸಾರಿಬಿಟ್ಟ: ಇವತ್ತು ನಮ್ಮನೆ ಬಾಈ ಕರೆಯುತ್ತಾಳೆ, ಎರಡು ಮೈಲಿಯಿಂದ ಪತಂಗಗಳು ಬರುತ್ತವೆ! ಹೆಣ್ಣು ಹುಳ ಎನ್ನಲು ಅವನಿಗೆ ಹೊಳೆದದ್ದು ಮರಾಠಿಯಲ್ಲಿ ಹೆಂಗಸರಿಗೆ ಹೇಳುವ ಬಾಈ ಎಂಬ ಮಾತೇ. ನಲವತ್ತೆರಡರ ಚಳವಳಿಯ ಕಾಲ. ಗಾಳಿಪಟಕ್ಕೆ ಕರಪತ್ರ ಕಟ್ಟಿ ಹಾರಿಬಿಡುತ್ತಾರೆಂದು ಊರೆಲ್ಲ ಗುಲ್ಲೆದ್ದಿತ್ತು.

ಚಹಾದಂಗಡಿಯ ಮಾತು ಠಾಣೆಗೆ ಮುಟ್ಟಿ, ಹೊತ್ತು ಮುಳುಗುವ ಮೊದಲೇ ಪೊಲೀಸರು ಬಾಗಿಲು ಒದ್ದು ನುಗ್ಗಿದರು. ಫೌಜದಾರ ಅವಧೂತನ ಬಲಗೈಯನ್ನು ಹೊಸ್ತಿಲ ಮೇಲೆ ಹಿಡಿಸಿ ಬೂಟಿನಿಂದ ಮೆಟ್ಟಿದ. ಬೆರಳು ಮುರಿದ ಸದ್ದು ಅಡುಗೆಮನೆಯಲ್ಲಿದ್ದ ಭಾಮಾಳಿಗೂ ಕೇಳಿಸಿತು.

"ಪತಂಗ ಕುಠೆ? ಬಾಈ ಕುಠೆ?" ಗಾಳಿಪಟ ಎಲ್ಲಿ, ಆ ಹೆಂಗಸು ಎಲ್ಲಿ ಎಂದು ಗದರಿದ.

ಭಾಮಾ ಹುಳದ ಪಂಜರ ಹಿಡಿದು ಓಡಿಬಂದಳು. ಇದೇ ಪತಂಗ, ಇದೇ ಆ ಬಾಈ ಎಂದು ತೋರಿಸಿದಳು. ಗೇಲಿ ಮಾಡುತ್ತಿದ್ದಾಳೆಂದು ಫೌಜದಾರ ಕೆರಳಿ ಪಂಜರವನ್ನು ಗೋಡೆಗೆ ಅಪ್ಪಳಿಸಿದ. ಹುಳ ನೆಲಕ್ಕೆ ಬಿದ್ದು ಒದ್ದಾಡಿತು. ಲಾಠಿ ಅವಧೂತನ ಬೆನ್ನಿಗೆ ಬಿತ್ತು, ಕಿವಿಗೆ ಬಿತ್ತು. ಇನ್ನೊಂದು ಬಿದ್ದರೆ ತನ್ನ ತಾಳಿ ಉಳಿಯುವುದಿಲ್ಲವೆಂದು ಭಾಮಾಳಿಗೆ ಅನಿಸಿತು.

"ಬಿಡ್ರಿ ಅವರನ್ನ! ಮೀಚ ತೀ ಬಾಈ!" ಆ ಬಾಈ ನಾನೇ ಎಂದು ಚೀರಿಬಿಟ್ಟಳು.

ಫೌಜದಾರ ಅವಳ ತುರುಬು ಹಿಡಿದು ಎಳೆದ. ಹಣೆ ಬಾಗಿಲ ಚೌಕಟ್ಟಿಗೆ ಬಡಿದು ರಕ್ತ ಕಣ್ಣಿಗಿಳಿಯಿತು. ಒರೆಸಿಕೊಂಡು ನೋಡಿದರೆ ಗಂಡ ತೆವಳುತ್ತಿದ್ದ, ಹುಳದ ಕಡೆಗೆ. ಈ ಮನುಷ್ಯನಿಗಾಗಿಯೇ ತಾನು ಸಾಯಹೊರಟದ್ದು?

ಅವಧೂತ ಹುಳದ ಮೇಲೆಯೇ ಹಾಯ್ದು ಬಂದ. ಹಸಿರು ರೆಕ್ಕೆ ಅವನ ಮೊಣಕಾಲಡಿ ಹೊಸೆದುಹೋಯಿತು, ತಿರುಗಿ ನೋಡಲಿಲ್ಲ. ಎಂದೂ ದನಿಯೆತ್ತದ ಆ ಮೇಷ್ಟ್ರು ಗೋಡೆ ಹಿಡಿದು ಎದ್ದವನೇ ಅವಳ ತುರುಬು ಹಿಡಿದ ಕೈಗೆ ಹಲ್ಲೂರಿದ. ತಲೆಯ ಮೇಲೆ ಲಾಠಿ ಬೀಳುತ್ತಲೇ ಇತ್ತು. ಅವನು ಕಚ್ಚಿದ್ದನ್ನು ಬಿಡಲಿಲ್ಲ.