ರಹಮತ್ ಬಿ ಹೇಳಿದ ಫೋಟೊಗಳು

ಕಣ್ಣು ಪೂರ್ತಿ ಹೋದ ಮೇಲೂ ಖಲೀಲ್ ಶಿರಾದ ತನ್ನ ಹಾಸಿಗೆ ಅಂಗಡಿ ಮುಚ್ಚಿರಲಿಲ್ಲ. ಹತ್ತಿ ತುಂಬಿದ ಹಾಸಿಗೆಯ ಮೇಲೆ ಕೈಯಾಡಿಸಿ, ಎಲ್ಲಿ ಗಂಟಿದೆ, ಎಲ್ಲಿ ತೆಳುವಾಗಿದೆ ಎಂದು ಹೇಳುತ್ತಿದ್ದ. ಹೊಲಿಗೆ ಹೆಂಡತಿ ರಹಮತ್ ಬಿಯದು. ಬಿಡುವಿದ್ದಾಗ ಖಲೀಲ್, ಕಂಪ್ಯೂಟರ್ ಡಿಪ್ಲೊಮಾ ಓದುವ ಮಗಳು ಆಫ್ರೀನಳ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದ. ಪರದೆಯಲ್ಲಿದ್ದುದನ್ನು ಅದು ಗಟ್ಟಿಯಾಗಿ ಓದುತ್ತಿತ್ತು. ಕೀ ಒತ್ತುತ್ತ ಅವನು ಸುದ್ದಿ ಕೇಳುತ್ತಿದ್ದ.

ಮಧುಗಿರಿಯಲ್ಲಿ ಅವನ ತಂಗಿಯ ಮಗಳು ಜೈಬಾಳ ಮದುವೆಯಾಯಿತು. ಫೋಟೊಗ್ರಾಫರ್ ಫೋಟೊಗಳನ್ನೆಲ್ಲ ಒಂದು ವೆಬ್ ಪುಟಕ್ಕೆ ಹಾಕಿ ಕಳಿಸಿದ. ರಹಮತ್ ಬಿ, ಆಫ್ರೀನ್ ಒಬ್ಬರಿಗೊಬ್ಬರು ಆತುಕೊಂಡು ಫೋಟೊ ನೋಡಿ ನಕ್ಕಿದ್ದೇ ನಕ್ಕಿದ್ದು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಖಲೀಲ್ ತಾನೇ ಆ ಪುಟ ತೆರೆದ.

“ಚಿತ್ರ, ಲಿಂಕ್, ಐ ಎಂ ಜಿ,” ಎಂದು ಯಂತ್ರ ಫೈಲಿನ ಹೆಸರನ್ನೂ ಯಾವುದೋ ಅಂಕಿಗಳನ್ನೂ ಓದಿತು. ಒತ್ತಿದ. ಫೋಟೊ ತೆರೆದುಕೊಂಡಿತು; ಯಂತ್ರ ಮೂಕವಾಯಿತು. ವಾಪಸ್ ಬಂದು ಮುಂದಿನದನ್ನು ಒತ್ತಿದ. ಅದೂ ಹಾಗೇ. ಕಾಲೇಜಿನಿಂದ ಬಂದ ಆಫ್ರೀನ್ ಬಾಗಿಲಲ್ಲೇ ನಿಂತು ಇದನ್ನು ಕಂಡಳು. ಚೀಲ ಇಳಿಸಿ ಅವನ ಪಕ್ಕ ಬಂದು ಕೂತಳು.

“ಅಬ್ಬಾ, ಫೋಟೊ ಲಿಂಕ್ ಒತ್ತಿದ್ರೆ ಈ ಬ್ರೌಸರ್ ಫೋಟೊ ತೋರಿಸ್ತದೆ. ನಾನು ಅದನ್ನ ಬದಲಾಯಿಸ್ತೀನಿ. ಫೋಟೊ ಬದ್ಲು ಮಾತು ಬರಂಗೆ ಮಾಡ್ತೀನಿ.”

“ಯಾರ ಮಾತಮ್ಮ?”

“ಅಮ್ಮೀದು.”

ಬ್ರೌಸರಿಗೆ ಸೇರಿಸುವ ಆ ಪುಟ್ಟ ಪ್ರೋಗ್ರಾಮ್ ಬರೆಯಲು ಅವಳಿಗೆ ತುಸು ಕಷ್ಟವೇ ಆಯಿತು. ಅದಕ್ಕಿಂತ ಕಷ್ಟವಾದದ್ದು ಅಮ್ಮಿಯನ್ನು ಒಪ್ಪಿಸುವುದು.

“ನಾನೇನ್ ರೇಡಿಯೋದಾಗೆ ಮಾತಾಡೋಳಾ?” ಎಂದಳು ರಹಮತ್ ಬಿ. ಕೊನೆಗೆ ಮೈಕಿನ ಮುಂದೆ ಸೆರಗು ಸರಿಮಾಡಿಕೊಂಡು ಕೂತು, “ಇದು ಜೈಬಾ. ಮದುಮಗಳು,” ಎಂದು ನಿಲ್ಲಿಸಿಬಿಟ್ಟಳು.

“ಅಷ್ಟೇನಾ? ಅಬ್ಬಾ ಪಕ್ಕದಾಗೆ ಕುಂತವ್ರೆ ಅಂದ್ಕೊಂಡು ಹೇಳು.”

ಅಲ್ಲಿಂದ ಅವಳ ಮಾತು ಬಿಚ್ಚಿಕೊಂಡಿತು. ಮರುದಿನ ಖಲೀಲ್ ಲಿಂಕ್ ಒತ್ತಿದಾಗ ಹೆಂಡತಿಯ ದನಿ ಬಂತು: “ಏನ್ರೀ, ನಿಮ್ ತಂಗಿ ಅಳ್ತಾವ್ಳೆ. ಬಾಯಾಗೆ ಮಾತ್ರ ಇಷ್ಟು ದೊಡ್ಡ ಬೀಡಾ ಐತೆ. ಅಳದೋ ಅಗಿಯದೋ ಅವಳಿಗೇ ಗೊತ್ತಾಗ್ತಿಲ್ಲ.” ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮತ್ತೊಂದು ಒತ್ತಿದ, ಮಗದೊಂದು ಒತ್ತಿದ. ನಡುವೆ ಒಂದು ಕಡೆ ಯಂತ್ರ ಮತ್ತೆ, “ಐ ಎಂ ಜಿ,” ಎಂದಿತು.

“ಆಫ್ರೀನ್, ಇದು ಕೆಟ್ಟೋಯ್ತೇನಮ್ಮ?”

ಅವಳು ಬಗ್ಗಿ ನೋಡಿದಳು. “ಕೆಟ್ಟಿಲ್ಲ ಅಬ್ಬಾ. ಇದ್ರಾಗೆ ನೀವೂ ಅಮ್ಮೀನೂ ಇದ್ದೀರ. ಅಮ್ಮಿ ಇದೊಂದು ಬುಟ್ಬುಟ್ಟವ್ಳೆ.”

“ಅದ್ರಾಗೇನೈತೆ ಹೇಳಕ್ಕೆ?” ಎಂದಳು ಹೊಲಿಯುತ್ತಿದ್ದ ರಹಮತ್ ಬಿ, ತಲೆ ಎತ್ತದೆ.

“ಹೇಳ್ಬುಡು ರಹಮತ್,” ಎಂದ ಖಲೀಲ್.

ಆಫ್ರೀನ್ ಮೈಕ್ ಆನ್ ಮಾಡಿ, ಚಹಾ ಇಡುತ್ತೇನೆಂದು ಒಳಗೆ ಹೋದಳು. ರಹಮತ್ ಬಿ ಸೂಜಿ ಚುಚ್ಚಿಟ್ಟು ಗಂಡನ ಪಕ್ಕ ಬಂದು ಕೂತಳು.

“ನೀವು ಊಟಕ್ಕೆ ಕುಂತಿದ್ದೀರ. ನಾನು ನಿಮ್ ಎಲೇಲಿ ಮೂಳೆ ಬಿಡಿಸಿ ಇಡ್ತಾ ಇದ್ದೀನಿ.”

“ನೀನು ಹೆಂಗಿದ್ದೀಯ?”

“ಹೆಂಗಿರ್ತೀನಿ? ಮುದುಕಿ ಆಗಿದ್ದೀನಿ. ಮುಂದಲೆ ಎಲ್ಲಾ ಬೆಳ್ಳಗಾಗೈತೆ.”

ಖಲೀಲನ ಮನಸ್ಸಿನಲ್ಲಿದ್ದ ರಹಮತಳಿಗೆ ಒಂದು ಬಿಳಿ ಕೂದಲೂ ಇರಲಿಲ್ಲ. “ನಂಗೆ ಯಾರೂ ಹೇಳಲೇ ಇಲ್ವಲ್ಲ,” ಎಂದ.

“ನೀವಾದ್ರೂ ಕರೀ ಕೂದಲಲ್ಲೇ ನೋಡ್ಕೊಂಡಿರಿ ಅಂತ ಸುಮ್ಕಿದ್ದೆ.”

ಅವನು ಕೈ ಚಾಚಿ ಅವಳ ಮುಂದಲೆ ಮುಟ್ಟಿದ. ಹತ್ತಿಯನ್ನು ಪರೀಕ್ಷಿಸುವಷ್ಟೇ ನಿಧಾನವಾಗಿ ಬೆರಳಾಡಿಸಿ, “ಮೆತ್ತಗೈತೆ ಕಣೇ. ಬಿಳೀದೂ ಚೆನ್ನಾಗೈತೆ,” ಎಂದ. ರಹಮತ್ ಬಿ ಅವನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಒಳಗೆ ಚಹಾ ಉಕ್ಕಿದ ಸದ್ದಾಯಿತು.

ವಾರ ಕಳೆದ ಮೇಲೆ ವಿಷಯ ತಿಳಿದ ಜೈಬಾ ಮಧುಗಿರಿಯಿಂದ ತನ್ನ ಮಾಮಿ ರಹಮತ್ ಬಿಗೆ ಫೋನ್ ಮಾಡಿದಳು. “ಮುಮಾನಿ, ನೀವು ಹೇಳಿದ್ದೆಲ್ಲ ನಂಗೂ ಕಳಿಸ್ಬೇಕು. ನನ್ ಮದುವೇಲಿ ನಂಗೇ ಏನೂ ಕಾಣ್ಲಿಲ್ಲ, ತಲೆ ಬಗ್ಗಿಸ್ಕೊಂಡೇ ಇದ್ದೆ.”

ಆಫ್ರೀನ್ ಎಲ್ಲವನ್ನೂ ಕಳಿಸಲು ಕೂತಳು.

“ಆ ಒಂದು ಮಾತ್ರ ಬ್ಯಾಡ ಕಣೇ,” ಎಂದಳು ರಹಮತ್ ಬಿ ಮೆಲ್ಲಗೆ. ಖಲೀಲ್ ಕೇಳಿಸಿದರೂ ಕೇಳಿಸದವನಂತೆ ಹತ್ತಿ ಹಿಂಜುತ್ತ, ತನ್ನಷ್ಟಕ್ಕೆ ನಕ್ಕ.