ಗೋಶಾಲೆಗೆ ಹೋದ ಕೆಮ್ಮು

ಆಕಳುಗಳಿಗೆ ಪರೀಕ್ಷೆಯ ಸೂಜಿ ಚುಚ್ಚಿ ಮೂರು ದಿನವಾಗಿತ್ತು. ಫಲಿತಾಂಶ ನೋಡಲು ಪಶುವೈದ್ಯ ಡಾಕ್ಟರ್ ಕೋಲ್ ಬರಲು ಇನ್ನೂ ಒಂದು ತಾಸಿತ್ತು. ಅಷ್ಟು ಹೊತ್ತು ಕಾಯುವುದು ಶೀತಲ್‌ಗೆ ಆಗಲಿಲ್ಲ. ಗೌರಿಯ ಬಾಲ ಎತ್ತಿ, ಬುಡದಲ್ಲಿ ಕೂದಲಿಲ್ಲದ ತೆಳು ಚರ್ಮದ ಮಡಿಕೆಯನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಸವರಿದಳು. ಕ್ಷಯದ ಸೋಂಕಿಲ್ಲದ ದನಕ್ಕೆ ಅಲ್ಲಿ ಏನೂ ಆಗಿರುವುದಿಲ್ಲ. ಗೌರಿಗೆ ಕಡಲೆಕಾಳಿನಷ್ಟು ಗಟ್ಟಿ ಗಂಟು ಎದ್ದಿತ್ತು.

ಉಳಿದ ಹದಿಮೂರನ್ನೂ ನೋಡಿದಳು. ಚಂದ್ರಿಗೆ ಇತ್ತು. ಗೌರಿಯ ಹತ್ತು ವಾರದ ಕರುವಿಗೂ ಇತ್ತು. ಮಿಕ್ಕವಕ್ಕೆ ಇರಲಿಲ್ಲ.

"ಏನ್ ಹುಡಕಾಕತ್ತೀಯವಾ ಬಾಲದಾಗ?" ಬೇಲಿಯ ಆಚೆಯಿಂದ ಮಾವ ಅಪ್ಪಾಸಾಹೇಬ ಕೇಳಿದರು. ಕೇಳಿ ತಾವೇ ನಕ್ಕರು. ನಗು ಕೆಮ್ಮಾಯಿತು. ಬೇಲಿಯ ಕಂಬ ಹಿಡಿದು ಬಗ್ಗಿದರು, ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು. ಒತ್ತಿದ್ದನ್ನು ನೋಡದೆಯೇ ಮಡಚಿ ಜೇಬಿಗೆ ಹಾಕಿಕೊಂಡರು.

ಶೀತಲ್ ಗೌರಿಯ ಬೆನ್ನ ಮೇಲೆ ಕೈಯಿಟ್ಟು ನಿಂತಳು. ಆಕಳ ಮೈ ಬೆಚ್ಚಗಿತ್ತು.

ಆ ಗೋಶಾಲೆ ಹ್ಯೂಸ್ಟನ್ ನಗರದ ಹೊರಗಿನ ಫುಲ್‌ಶೀರ್ ಊರು ದಾಟಿ ಹತ್ತು ಮೈಲಿ ಹೋದರೆ ಸಿಗುವ ಹನ್ನೊಂದು ಎಕರೆ ಬಯಲು. ಅದರ ಒಡೆಯರಾದ ಬಾಗಲಕೋಟೆಯ ಮಹಾಂತಪ್ಪನವರು ಇಲ್ಲಿ ಎರಡು ಮೋಟೆಲ್ ನಡೆಸುವವರು. ಒಂದು ಡೈರಿಯಿಂದ ಕಸಾಯಿಖಾನೆಗೆ ಹೋಗಬೇಕಿದ್ದ ಮುದಿ ಆಕಳುಗಳನ್ನು ಬಿಡಿಸಿ ತಂದು ಇಲ್ಲಿ ಕಟ್ಟಿದ್ದರು. ಬೀದರಿನಲ್ಲಿ ಪಶುವೈದ್ಯ ಓದಿದ ಶೀತಲ್‌ಗೆ ಈ ದೇಶದಲ್ಲಿ ಸೂಜಿ ಹಿಡಿಯುವ ಪರವಾನಗಿ ಇರಲಿಲ್ಲ. ದನಗಳ ದೇಖರೇಖಿ ಮಾತ್ರ ಅವಳದು. ಅದನ್ನು ಅವಳು ಅತಿ ಎನ್ನುವಷ್ಟು ಕಟ್ಟುನಿಟ್ಟಾಗಿ ಮಾಡುತ್ತಿದ್ದಳು. ಬಾಗಿಲಲ್ಲಿ ಔಷಧಿ ನೀರಿನ ತೊಟ್ಟಿ, ಬೂಟು ಅದ್ದದೆ ಯಾರಿಗೂ ಒಳಗೆ ಪ್ರವೇಶವಿಲ್ಲ. ಹೊಸ ದನಕ್ಕೆ ಮೂವತ್ತು ದಿನ ಬೇರೆ ಕೊಟ್ಟಿಗೆ. ಊರಿಂದ ಬಂದ ನೆಂಟರು ಐದು ದಿನ ಒಳಗೆ ಕಾಲಿಡುವಂತಿಲ್ಲ, ಕಾಲುಬಾಯಿ ರೋಗ ಬಟ್ಟೆಗೆ ಅಂಟಿಕೊಂಡು ಬಂದೀತು ಎಂದು. "ಗುಡಿಗಿಂತ ನಿನ್ನ ಮಡಿ ಜಾಸ್ತಿ ಆತಲ್ಲವಾ ಡಾಕ್ಟರವ್ವಾ," ಎಂದು ಮಹಾಂತಪ್ಪ ಚಾಷ್ಟಿ ಮಾಡುತ್ತಿದ್ದರು.

ಫೆಬ್ರವರಿಯಲ್ಲಿ ಮಾವ ಜಮಖಂಡಿಯಿಂದ ಬಂದಾಗಲೂ ಅವಳು ಬೆರಳೆಣಿಸಿ ಐದು ದಿನ ತಡೆದಳು. ಅವರ ಚಪ್ಪಲಿಯನ್ನು ಎಸೆದು ಹೊಸ ಬೂಟು ಕೊಡಿಸಿದಳು. ಆರನೆಯ ದಿನ ಒಳಗೆ ಬಿಟ್ಟಳು. ಮೂವತ್ತು ವರ್ಷ ಹಾಲಿನ ಸಂಘದಲ್ಲಿ ಕೆಲಸ ಮಾಡಿದ ಮನುಷ್ಯ. ಮನೆಯ ಸೋಫಾದ ಮೇಲೆ ಬಾಡಿ ಕೂರುತ್ತಿದ್ದವರು ಆಕಳ ನಡುವೆ ನಿಂತ ಕೂಡಲೇ ಹತ್ತು ವರ್ಷ ಚಿಕ್ಕವರಾದರು. ಅಂದಿನಿಂದ ದಿನಾ ಬೆಳಿಗ್ಗೆ ಅವಳ ಕಾರಿನಲ್ಲಿ ಹೊರಟುಬಿಡುತ್ತಿದ್ದರು. ರೊಟ್ಟಿ ಕೈಯಲ್ಲೇ ತಿನ್ನಿಸುವರು, ಗೌರಿಯ ಮುಖಕ್ಕೆ ಮುಖವಿಟ್ಟು ಮಾತಾಡುವರು.

ಮಾರ್ಚ್ ಏಳರಂದು ಶೀತಲ್ ಅವರ ಬಚ್ಚಲು ತೊಳೆಯುತ್ತಿದ್ದಾಗ ಕಮೋಡಿನ ಅಂಚಿನಲ್ಲಿ ಕಿತ್ತಳೆ ಬಣ್ಣದ ಕಲೆ ಕಂಡಿತು. ಹಾಸ್ಟೆಲಿನಲ್ಲಿ ಅವಳ ರೂಮಿನ ಹುಡುಗಿಗೆ ಕ್ಷಯವಾಗಿ, ಆರು ತಿಂಗಳು ಗುಳಿಗೆ ನುಂಗಿದ್ದಳು. ಆ ಗುಳಿಗೆಗೆ ಮೂತ್ರ ಇದೇ ಬಣ್ಣಕ್ಕೆ ತಿರುಗುತ್ತದೆ. ಬ್ರಷ್ ಕೈಯಲ್ಲೇ ಹಿಡಿದು ಹೊರಗೆ ಬಂದು ಕೇಳಿದ್ದಳು: "ಮಾವಾರ, ನಿನ್ನೆ ಏನ್ ತಿಂದ್ರಿ?"

"ಮಹಾಂತಪ್ಪನ ಮನ್ಯಾಗ ಬೀಟ್‌ರೂಟ್ ಪಲ್ಯಾ ಮಾಡಿದ್ರಲ್ಲವಾ."

ಬೀಟ್‌ರೂಟ್ ಕಲೆ ಕಿತ್ತಳೆಯಾಗಿರುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಆದರೂ "ಹೂಂ" ಎಂದಳು. ಗಂಡ ವಿಜಯ್‌ಗೆ ಹೇಳಿದರೆ ಅವನು ಅಪ್ಪನನ್ನು ಕೇಳುತ್ತಾನೆ. ಸೊಸೆ ಬಚ್ಚಲು ಇಣುಕಿದಳು ಎಂದಾಗುತ್ತದೆ. ತಪ್ಪಾಗಿದ್ದರೆ ಆರು ತಿಂಗಳು ಒಂದೇ ಸೂರಿನಡಿ ಇರಬೇಕು. ಎರಡು ವಾರದ ಮೇಲೆ ಕಲೆ ಕಾಣಿಸದಾಯಿತು. ಅವಳು ನಿಟ್ಟುಸಿರು ಬಿಟ್ಟಳು. ಕಲೆ ನಿಂತಿದ್ದು ಗುಳಿಗೆ ನಿಂತಿದ್ದರಿಂದ ಎಂಬ ಯೋಚನೆ ಮನಸ್ಸಿನ ಬಾಗಿಲವರೆಗೆ ಬಂದಿತ್ತು. ಅವಳೇ ಕದ ಹಾಕಿದಳು.

ಏಪ್ರಿಲಿನಲ್ಲಿ ಗೌರಿ ಈದಾಗ ಕರು ಉಸಿರಾಡಲಿಲ್ಲ. ಶೀತಲ್ ಟವೆಲ್ ತರಲು ಓಡಿದ್ದಳು. ಬರುವಷ್ಟರಲ್ಲಿ ಮಾವ ಮಣ್ಣಿನ ಮೇಲೆ ಮಂಡಿಯೂರಿ, ಕರುವಿನ ಮೂಗಿನ ಲೋಳೆ ಬಳಿದು, ಅದರ ಮೂಗಿಗೆ ಬಾಯಿಟ್ಟು ಊದುತ್ತಿದ್ದರು. ಊರಲ್ಲಿ ಎಲ್ಲರೂ ಮಾಡುವುದೇ. ಒಂದು, ಎರಡು, ಐದು ಸಲ ಊದಿದರು. ಕರು ಸೀನಿತು. ಅವಳ ಮಗಳು ದಿಯಾ ಚಪ್ಪಾಳೆ ತಟ್ಟಿದಳು, "ಅಜ್ಜಾ, ಯೂ ಡಿಡ್ ಇಟ್!" ಶೀತಲ್ ಟವೆಲ್ ಹಿಡಿದು ನಿಂತೇ ಇದ್ದಳು. ಎಲ್ಲರ ಮುಖದ ಮೇಲೆ ನಗೆಯಿತ್ತು. ಅವಳೂ ನಕ್ಕಳು.

ಬರುವ ಆಗಸ್ಟಿನಲ್ಲಿ ನಡೆಯಲಿದ್ದ ಡಲ್ಲಾಸಿನ ಕನ್ನಡಿಗರ ಹಬ್ಬಕ್ಕೆ ಗೋಪೂಜೆಗೆಂದು ಗೌರಿಯನ್ನೂ ಕರುವನ್ನೂ ಕಳಿಸುವುದೆಂದು ಮಹಾಂತಪ್ಪ ಮಾತು ಕೊಟ್ಟಿದ್ದರು. ಅಲ್ಲಿನ ಸಭಾಂಗಣದವರು ಗೋಶಾಲೆಯ ಅಷ್ಟೂ ದನಕ್ಕೆ ಕ್ಷಯದ ಪರೀಕ್ಷೆಯಾಗಿರಬೇಕು ಎಂದಿದ್ದರು. ಅದಕ್ಕೇ ಈ ಸೂಜಿ.

ತಾಸಿನ ಮೇಲೆ ಡಾಕ್ಟರ್ ಕೋಲ್ ಬಂದ. ಮೂರನ್ನೂ ಸವರಿ ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡು, ಆಸ್ಟಿನ್‌ನಲ್ಲಿರುವ ರಾಜ್ಯದ ಪಶು ಇಲಾಖೆಗೆ ಫೋನ್ ಮಾಡಲೇಬೇಕು ಎಂದ. ಹತ್ತು ದಿನದೊಳಗೆ ರಾಜ್ಯ ಸರಕಾರದ ಪಶುವೈದ್ಯೆ ಬಂದಳು. ಕುತ್ತಿಗೆಯ ಮೇಲೆ ಎರಡು ಕಡೆ ಕೂದಲು ಬೋಳಿಸಿ ಎರಡನೆಯ ಪರೀಕ್ಷೆ ಮಾಡಿದಳು. ಚಂದ್ರಿ ಪಾರಾಯಿತು. ಗೌರಿ ಮತ್ತು ಕರು ಪಾರಾಗಲಿಲ್ಲ. ಗೇಟಿಗೆ ಹಳದಿ ಕಾಗದ ಅಂಟಿತು: ಒಂದು ದನವೂ ಹೊರಗೆ ಹೋಗಕೂಡದು, ಒಳಗೆ ಬರಕೂಡದು. ಆ ಎರಡನ್ನು ಕೊಂದು, ಕೊಯ್ದು ನೋಡಬೇಕು.

"ಕೊಲ್ಲಾಕ ಗೋಶಾಲೆ ಕಟ್ಟಿದೆನೇನವಾ ನಾ?" ಮಹಾಂತಪ್ಪ ಬೇಲಿಯ ಬಳಿ ಕೂಗಿದರು. "ಆ ಡೈರಿಯವಾ! ರೋಗದ ಆಕಳಾ ತಂದು ನನ್ನ ಕೊರಳಿಗೆ ಕಟ್ಟಿದ. ಅವನ್ನ ಬಿಡಂಗಿಲ್ಲ ನಾ."

"ಮೊದಲು ಅಲ್ಲಿಂದಲೇ ಹುಡುಕುತ್ತೇವೆ," ಎಂದಳು ಪಶುವೈದ್ಯೆ. "ನಾನೂರು ದನಗಳಿವೆ. ಪರೀಕ್ಷೆ ಮುಗಿಯುವವರೆಗೆ ಅವರ ಕೊಟ್ಟಿಗೆಗೂ ಬೀಗ." ಆಮೇಲೆ ಶೀತಲ್ ಕಡೆ ತಿರುಗಿ, "ನೀನು ಬರೆದಿಟ್ಟಿರುವಷ್ಟು ಅಚ್ಚುಕಟ್ಟು ದಾಖಲೆ ನಾನು ದೊಡ್ಡ ಫಾರ್ಮುಗಳಲ್ಲೂ ನೋಡಿಲ್ಲ. ಬೇರೆ ಏನಾದರೂ ನೆನಪಾದರೆ ಹೇಳು," ಎಂದು ತನ್ನ ನಂಬರ್ ಕೊಟ್ಟಳು.

ಶೀತಲ್ ಆ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದೇ ಮನೆಗೆ ಬಂದಳು.

ಅಪ್ಪಾಸಾಹೇಬ ಹಿತ್ತಲ ಕುರ್ಚಿಯಲ್ಲಿ ಕೂತಿದ್ದರು. ಊರಿಂದ ಬರುವಾಗ ತಂದ ಅಂಗಿ ಈಗ ಹೆಗಲಿಂದ ಜಾರುತ್ತಿತ್ತು.

"ಮಾವಾರ, ನಾಳೆಯಿಂದ ನೀವು ಗೋಶಾಲಿಗೆ ಬರಬ್ಯಾಡ್ರಿ."

"ಯಾಕ? ಆಕಳಾ ಟೆಸ್ಟ್ ಆದ್ವು, ಈಗ ನನ್ನ ಬಾಲಾ ಎತ್ತಿ ನೋಡ್ತೀಯೇನು?"

ಅವಳು ನಗಲಿಲ್ಲ. "ಗುಳಿಗಿ ಯಾವಾಗ ಬಿಟ್ರಿ?"

ಅವರು ಜಾರಿದ ಅಂಗಿಯನ್ನು ಹೆಗಲಿಗೆ ಎಳೆದುಕೊಂಡರು. "ಸರಕಾರಿ ದವಾಖಾನ್ಯಾಗ ಆರ್ ತಿಂಗಳ ನುಂಗ್ರಿ ಅಂದಿದ್ರು," ಎಂದರು. "ಎರಡ್ ತಿಂಗಳಿಗೆ ಕೆಮ್ಮ ಹೋತು, ಊಟ ಸೇರಾಕ ಹತ್ತಿತು. ವಿಜಯ್ ಟಿಕೆಟ್ ತಗದಬಿಟ್ಟಿದ್ದ. ಕೈಯಾಗಿದ್ದಷ್ಟು ತಂದೆ. ಮುಗದೂವು."

"ಮುಗದಾಗ ಹೇಳಬೇಕಿತ್ತಲ್ರಿ."

"ಏನಂತ ಹೇಳಲಿ? ಬಂದ ಒಂದ್ ತಿಂಗಳಿಗೆ ನನಗ ಟಿ.ಬಿ. ಐತಿ ಅಂತ? ಕೂಸಿನ್ನ ನನ್ನ ಹತ್ರ ಬಿಡ್ತಿದ್ದೇನು ನೀ?" ಕೆಮ್ಮು ಬಂತು, ನಿಂತಿತು. "ನನ್ನ ಉಸರು ಆಕಳಿಗೆ ಹತ್ತತದಂತ ನನಗೇನ ಗೊತ್ತವಾ. ಆಕಳದು ಮನಷ್ಯಾಗ ಬರೂದು ಕೇಳೇನಿ."

"ಎರಡೂ ಕಡೆ ಹೋಗತದ್ರಿ."

"ಆ ಕರಾ?" ಎಂದು ಕೇಳಿದರು. "ನಾಳೆ ಗೌರಿ ಜೋಡಿ ಅದನ್ನೂ ಒಯ್ತಾರ್ರಿ," ಎಂದಳು. ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಈ ಸಲ ಕೆಮ್ಮಿಗಲ್ಲ.

ಎನರ್ಜಿ ಕಾರಿಡಾರ್ ಬಡಾವಣೆಯ ಆಫೀಸಿನಿಂದ ಬಂದ ವಿಜಯ್ ಎಲ್ಲವನ್ನೂ ನಿಂತೇ ಕೇಳಿದ. ಒಂದು ಲೋಟ ನೀರು ಕುಡಿದ. ಮತ್ತೊಂದು ಕುಡಿದ.

"ರಿಟರ್ನ್ ಟಿಕೆಟ್ ಶುಕ್ರವಾರಕ್ಕ ಚೇಂಜ್ ಮಾಡಸ್ತೀನಿ. ಊರಾಗ ಹೋಗಿ ಗುಳಿಗಿ ಶುರು ಮಾಡ್ಲಿ. ಇಲ್ಲಿ ಯಾರಿಗೂ ಹೇಳೂದು ಬ್ಯಾಡ."

"ಇಪ್ಪತ್ತು ತಾಸು ವಿಮಾನದಾಗ್ರಿ? ಬಾಜೂಕ ಯಾರದರ ಸಣ್ಣ ಕೂಸಿದ್ರ?"

"ಮಾಸ್ಕ್ ಹಾಕ್ಕೋತಾರ."

"ಡೈರಿಯವರದು? ಕೊಟ್ಟಿಗಿಗೆ ಬೀಗ ಹಾಕ್ತಾರ."

"ಟೆಸ್ಟ್ ಮಾಡ್ತಾರ, ಏನೂ ಸಿಗಂಗಿಲ್ಲ, ಬಿಡ್ತಾರ. ಅಷ್ಟ." ದನಿ ತಗ್ಗಿಸಿದ. "ಶೀತಲ್, ಅದು ನಮ್ಮಪ್ಪ. ಇಡೀ ಹ್ಯೂಸ್ಟನ್ ಕನ್ನಡಿಗರು ಗೋಹತ್ಯೆ ಮಾಡಿದ ಮುದುಕಾ ಅಂತ ಬೆರಳು ತೋರಸ್ತಾರ. ನೀ ತಡಕೊಂತೀಯೇನು? ನಾ ಅಂತೂ ತಡಕೊಳ್ಳಂಗಿಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ಆದರೆ ಉಳಿದ ಹನ್ನೆರಡು ದನಗಳು ಅಲ್ಲೇ ಇದ್ದವು. ಸೋಂಕು ಎಲ್ಲಿಂದ ಬಂತೆಂದು ತಿಳಿಯದಿದ್ದರೆ ಸರಕಾರ ಅವನ್ನೂ ನಂಬುವುದಿಲ್ಲ. ಅನುಮಾನದ ಮೇಲೆ ಅಷ್ಟನ್ನೂ ಕೊಲ್ಲಿಸಬಹುದು. ಮೂಲ ಗೊತ್ತಾದರೆ ಎರಡು ತಿಂಗಳಿಗೊಮ್ಮೆ ಪರೀಕ್ಷಿಸುತ್ತ ಉಳಿಸಿಕೊಳ್ಳುವ ದಾರಿಯಿದೆ. ಮತ್ತೆ ದಿಯಾ. ರಾತ್ರಿ ಕತೆ ಹೇಳುವ ಅಜ್ಜನ ಎದೆಗೆ ಕಿವಿಯಿಟ್ಟು ಮಲಗುವ ದಿಯಾ.

ಮರುದಿನ ಒಂಬತ್ತಕ್ಕೆ ಲಾರಿ ಬಂತು. ಗೌರಿ ಏರಲು ಒಲ್ಲೆನೆಂದಿತು, ಇಬ್ಬರು ನೂಕಬೇಕಾಯಿತು. ಕರುವನ್ನು ಯಾರೂ ನೂಕಲಿಲ್ಲ. ಅದು ತಾಯಿಯ ಹಿಂದೆ ತಾನಾಗಿ ಟಣ್ಣನೆ ಹಾರಿ ಒಳಗೆ ಹೋಯಿತು. ಮಹಾಂತಪ್ಪ ಮುಖ ತಿರುಗಿಸಿಕೊಂಡು ನಿಂತಿದ್ದರು. ಲಾರಿ ರಸ್ತೆಗೆ ಇಳಿದ ಮೇಲೆ ಶೀತಲ್ ಕಾರಿನಲ್ಲಿ ಕೂತು, ಗಾಜು ಏರಿಸಿ, ಪಶುವೈದ್ಯೆ ಕೊಟ್ಟ ಆಸ್ಟಿನ್ ನಂಬರಿಗೆ ಫೋನ್ ಮಾಡಿದಳು.

"ಡೈರಿಗೆ ಹೋಗುವ ಮುಂಚೆ ಒಬ್ಬ ಮನುಷ್ಯನನ್ನು ಪರೀಕ್ಷಿಸಿ," ಎಂದಳು. "ನನ್ನ ಮಾವ."

ಎಕ್ಸ್‌ರೇಯಲ್ಲಿ ಬಲ ಪುಪ್ಪುಸದ ಮೇಲ್ಭಾಗದಲ್ಲಿ ರೂಪಾಯಿಯಗಲದ ಕುಳಿ ಕಂಡಿತು. ಮಾವನ ಮತ್ತು ಗೌರಿಯ ಮೈಯಲ್ಲಿದ್ದ ಕೀಟಾಣು ಒಂದೇ ಎಂದು ಪ್ರಯೋಗಾಲಯ ಹೇಳಲು ಇನ್ನೂ ವಾರಗಳು ಬೇಕಿದ್ದವು. ಶೀತಲ್‌ಗೆ ಆ ಖಾತ್ರಿ ಬೇಕಿರಲಿಲ್ಲ. ಅಪ್ಪಾಸಾಹೇಬ ಮೇಲಿನ ಕೋಣೆ ಸೇರಿದರು, ಕದ ಮುಚ್ಚಿತು. ಊಟದ ತಟ್ಟೆ ಬಾಗಿಲ ಹೊರಗೆ. ವಿಜಯ್ ಅವಳೊಡನೆ ಮಾತು ಬಿಟ್ಟ. ಮಹಾಂತಪ್ಪ ಒಂದೇ ಒಂದು ಸಲ ಫೋನ್ ಮಾಡಿ, "ನನ್ನ ಬಾಗಲಾಗ ಬೂಟು ತೊಳಸ್ತಿದ್ದಿ, ನಿನ್ನ ಮನ್ಯಾಗ ಏನೈತಿ ನೋಡಲಿಲ್ಲೇನವಾ?" ಎಂದು ಇಟ್ಟುಬಿಟ್ಟರು.

ಮೂರನೆಯ ದಿನ ಆರೋಗ್ಯ ಇಲಾಖೆಯ ಹೆಂಗಸು ಮನೆಗೆ ಬಂದಳು. ಮುಖಕ್ಕೆ ಗಟ್ಟಿ ಮಾಸ್ಕ್, ತೊಡೆಯ ಮೇಲೆ ಫಾರಂ. ವಿಜಯ್ ಮತ್ತು ಶೀತಲ್ ಎದುರಿಗೆ ಕೂತರು.

"ಕೆಮ್ಮು ಯಾವಾಗ ಶುರುವಾಯಿತು?"

"ಎರಡು ವಾರವಾಯಿತು," ಎಂದ ವಿಜಯ್. "ಮೂರು ಇರಬಹುದು."

"ಅದಕ್ಕೆ ಮೊದಲು ಮನೆಯಲ್ಲಿ ಯಾರಿಗಾದರೂ ಅನುಮಾನವಿತ್ತೇ?"

"ಇಲ್ಲ."

ಆ ಹೆಂಗಸು ಬರೆಯತೊಡಗಿದಳು. ಎರಡು ವಾರ ಎಂದರೆ ಕರೆಯಬೇಕಾದವರು ಬೆರಳೆಣಿಕೆಯಷ್ಟು ಮಂದಿ. ಮನೆಯವರು, ಮಹಾಂತಪ್ಪ, ಅಷ್ಟೇ. ಪೆನ್ನು ಕಾಗದದ ಮೇಲೆ ಸರಿಯುವುದನ್ನು ಶೀತಲ್ ನೋಡಿದಳು.

"ಮಾರ್ಚ್ ಏಳು," ಎಂದಳು.

ಪೆನ್ನು ನಿಂತಿತು. ವಿಜಯ್ ಮೂರು ದಿನದ ಮೇಲೆ ಮೊದಲ ಸಲ ಅವಳ ಮುಖ ನೋಡಿದ.

"ಆವತ್ತು ಮಾತ್ರೆಯ ಬಣ್ಣ ಬಚ್ಚಲಲ್ಲಿ ನೋಡಿದೆ. ಏನೆಂದು ನನಗೆ ಗೊತ್ತಾಯಿತು. ನಾನು ಯಾರಿಗೂ ಹೇಳಲಿಲ್ಲ. ಎರಡು ವಾರದ ಮೇಲೆ ಅದು ನಿಂತಾಗಲೂ ಹೇಳಲಿಲ್ಲ."

"ಶೀತಲ್," ಎಂದ ಅವನು.

ಹೆಂಗಸು ಫಾರಂ ಬದಿಗಿಟ್ಟು ಹೊಸ ಹಾಳೆ ತೆಗೆದಳು. ಹಾಗಾದರೆ ಮಾರ್ಚಿನಿಂದ ಅವರೊಡನೆ ಒಂದೇ ಕೋಣೆಯಲ್ಲಿ ಹೊತ್ತು ಕಳೆದ ಎಲ್ಲರ ಹೆಸರೂ ಬೇಕು ಎಂದಳು. ಶೀತಲ್ ಹೇಳುತ್ತ ಹೋದಳು. ಯುಗಾದಿಯ ಊಟ. ಬಸವ ಜಯಂತಿ. ದಿಯಾಳ ಕನ್ನಡ ಕಲಿ ತರಗತಿಯಲ್ಲಿ ಅಜ್ಜ ಕತೆ ಹೇಳಿದ ನಾಲ್ಕು ಭಾನುವಾರ. ಹೆಸರುಗಳು ನಲವತ್ತು ದಾಟಿದವು.

"ಇವರಿಗೆಲ್ಲ ನಾವೇ ಫೋನ್ ಮಾಡುತ್ತೇವೆ. ಯಾರಿಂದ ಎಂದು ಹೇಳುವುದಿಲ್ಲ. ನೀನು ಮಾಡಬೇಕಿಲ್ಲ."

"ಒಂದನ್ನು ನಾನು ಮಾಡುತ್ತೇನೆ," ಎಂದಳು ಶೀತಲ್.

ಆಸ್ಟಿನ್ ಪಕ್ಕದ ರೌಂಡ್ ರಾಕ್‌ನ ಲೀಲಾವತಿ ಎರಡನೆಯ ರಿಂಗಿಗೇ ಎತ್ತಿದರು. ಮೈಸೂರಿನ ಮೆದು ಮಾತಿನ ಹೆಂಗಸು. ಮೇ ತಿಂಗಳಲ್ಲಿ ಮೊಮ್ಮಗಳು ಸಿಯಾಳ ನಾಮಕರಣಕ್ಕೆ ಶೀತಲ್ ಮನೆಯವರನ್ನೆಲ್ಲ ಕರೆಸಿ, ಎರಡು ದಿನ ಮನೆಯಲ್ಲೇ ಉಳಿಸಿಕೊಂಡಿದ್ದರು.

"ಅಯ್ಯೋ ಶೀತಲ್, ನಿನಗೆ ನೂರು ವರ್ಷ ಕಣಮ್ಮ! ಈಗ ತಾನೆ ನಿಮ್ಮ ಮಾವನವರ ಮಾತೇ ಆಡ್ತಿದ್ವಿ. ಸಿಯಾ ನಾವ್ಯಾರು ಎತ್ಕೊಂಡ್ರೂ ಅಳ್ತಾಳೆ, ಅವರ ಎದೆ ಮೇಲೆ ಮಾತ್ರ ಎರಡೂ ದಿನ ಹೇಗೆ ನಿದ್ದೆ ಮಾಡಿದ್ಲು ಅಂತ. ಈಗಂತೂ ಒಂದು ವಾರದಿಂದ ರಾತ್ರಿಯೆಲ್ಲ ಮಲಗೋದೇ ಇಲ್ಲ, ಮೈ ಬೇರೆ ಬಿಸಿ. ಡಾಕ್ಟರು ಏನಿಲ್ಲ ಶೀತ ಅಂದ್ರು. ಹೇಳು, ಏನ್ ಸಮಾಚಾರ?"

"ಆಂಟಿ," ಎಂದಳು ಶೀತಲ್, "ಮಗೂನ ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ. ಅಲ್ಲಿ ಡಾಕ್ಟರಿಗೆ ಏನಂತ ಹೇಳಬೇಕು ಅನ್ನೋದನ್ನ ಬರಕೊಳ್ರಿ. ನಾ ನಿಧಾನಕ್ಕ ಹೇಳ್ತೀನಿ."