ಮೊದಲ ಶೇರು ಲಾಭ

ನಮ್ಮ ಚುರಮರಿ ಅಂಗಡಿಯ ಬೋರ್ಡಿನ ಮೇಲೆ ನನ್ನ ಹೆಸರಿದೆ, ಬಸಗೊಂಡ ಎಂದು. ಒಳಗೆ ನಡೆಯುವುದು ಮಾತ್ರ ನನ್ನ ಹೆಂಡತಿ ಇಂದುಬಾಯಿಯ ಮಾತು. ಇದು ಗಡಹಿಂಗ್ಲಜದ ಪೇಟೆಗೆಲ್ಲ ಗೊತ್ತು, ಬೋರ್ಡು ಬರೆದವನೊಬ್ಬನಿಗೆ ಗೊತ್ತಿರಲಿಲ್ಲ.

ನನಗಿರುವುದು ಒಂದೇ ಚಟ, ಶಬ್ದಗಳ ಹುಟ್ಟೂರು ಹುಡುಕುವುದು. ಯಾರಾದರೂ ಬಂದು "ದುಕಾನ ಎಷ್ಟೊತ್ತಿನ ತನಕ ಇರತೈತ್ರಿ?" ಎಂದರೆ ಇಂದುಬಾಯಿ ಹೊತ್ತು ಹೇಳುತ್ತಾಳೆ. ನಾನು, ದುಕಾನ ಅರಬರ ಮಾತು, ಅಂಗಡಿ ನಮ್ಮದು, ಗಿರಾಕಿ ಎಂಬವನು ಸಂಸ್ಕೃತದ ಗ್ರಾಹಕನ ಮೊಮ್ಮಗ ಎಂದು ಹೇಳುತ್ತೇನೆ. ಚೀಲ ಹೊರುವ ಧೋಂಡಿಬಾನನ್ನೂ ಬಿಟ್ಟಿಲ್ಲ. "ಹಮಾಲ ಅನ್ನೂ ಮಾತೂ ಅರಬಸ್ತಾನದಿಂದ ಬಂದೈತಪಾ" ಎಂದಾಗ ಅವನು, "ಅಷ್ಟ ದೂರದಿಂದ ಬಂದೇನಂದ್ರ ಬಸ್ ಖರ್ಚರ ಕೊಡ್ರಿ ಸಾವಕಾರ" ಎಂದಿದ್ದ.

ಸೊಸೆ ರುತುಜಾ ಇಚಲಕರಂಜಿಯ ಮಗ್ಗದ ಮನೆಯವಳು. ಮಗ ಸುಮಿತ ಶಿರೋಳಿಯ ಕಾರ್ಖಾನೆಗೆ ಹೋದ ಮೇಲೆ ದಿನವಿಡೀ ಅಡುಗೆಮನೆಯಲ್ಲಿ ಅವಳಿಗೆ ಉಸಿರು ಕಟ್ಟುತ್ತಿತ್ತು. "ಅತ್ತಿ, ನಾ ಅಂಗಡ್ಯಾಗ ಕುಂಡ್ರತೇನ್ರಿ" ಎಂದು ಒಂದು ವರ್ಷ ಕೇಳಿದಳು. ಇಂದುಬಾಯಿ ಸೊಂಟದಲ್ಲಿದ್ದ ಅಂಗಡಿಯ ಕೀಲಿಕೈ ಮುಟ್ಟಿ ನೋಡಿಕೊಳ್ಳುತ್ತಿದ್ದಳೇ ಹೊರತು ಹೂಂ ಅನ್ನಲಿಲ್ಲ. ಕೊನೆಗೆ ಸಂತೆಯ ದಿನವೇ ಕೊಲ್ಲಾಪುರದಲ್ಲಿ ಇಂದುಬಾಯಿಯ ತಮ್ಮನ ಹೊಸ ಮನೆಯ ವಾಸ್ತುಶಾಂತಿ ಬಂತು.

"ಇವತ್ತ ನೀ ಒಬ್ಬಾಕೀನ ನೋಡ್ಕೊ. ಸಂಜೀಕ ಮಾಲು ಸರಿ ಬಂತಂದ್ರ ಕೀಲಿಕೈ ನಿಂದು. ಇಲ್ಲಂದ್ರ ಒಲಿ ನಿಂದು. ಅಳಿಯೂ ಮುಂದ ಮೊದಲ ಲಾಭ ಅನ್ನೂದು ಮರೀಬ್ಯಾಡ" ಎಂದು ಹೇಳಿ ಬಸ್ ಹತ್ತಿದಳು.

ನಮ್ಮಲ್ಲಿ ಅಳೆಯುವಾಗ ಮೊದಲ ಶೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಲಾಭ, ಎರಡು, ಮೂರು, ಹೀಗೆ. ಮೀಟರಿನಲ್ಲಿ ಬಟ್ಟೆ ಎಣಿಸಿ ಬೆಳೆದ ಹುಡುಗಿಗೆ ಇದು ಹೊಸದು. ಚುರಮರಿ ಚೀಲ ಬಿಚ್ಚುತ್ತ ಕೇಳಿದಳು, "ಮಾಮಾ, ಲಾಭ ಅಂತ ಯಾಕ ಅಂತಾರ್ರಿ?"

ಕೇಳಬಾರದವರನ್ನು ಕೇಳಿದಳು. "ಕೂಸ, ಲಾಭ ಅಂದ್ರ ಅಂಕಿ ಅಲ್ಲ. ಸಂಸ್ಕೃತದಾಗ ಸಿಕ್ಕಿದ್ದು ಅಂತ ಅರ್ಥ. ಗಣಪ್ಪನ ಹೆಸರ ತಗೊಂಡು ಕೆಲಸ ಸುರು ಮಾಡೂದಿಲ್ಲೇನ, ಹಂಗ ಅದು" ಎಂದು ಶುರು ಮಾಡಿ ಅರ್ಧ ಗಂಟೆ ಹೇಳಿದೆ. ಪೂರ್ತಿ ಕೇಳಿದಳು. ಮೂವತ್ತು ವರ್ಷದಲ್ಲಿ ನನ್ನ ಮಾತು ಯಾರೂ ಪೂರ್ತಿ ಕೇಳಿರಲಿಲ್ಲ, ಭಾಳ ಸಂತೋಷವಾಯಿತು.

ಮೊದಲು ಬಂದವಳು ಚಂದಗಡದ ಹಿರಾಬಾಯಿ. ಐದು ಶೇರು ಕೇಳಿದಳು. ರುತುಜಾ ಅಳೆದಳು, "ಲಾಭ... ಒಂದು... ಎರಡು..." ಹಿರಾಬಾಯಿ ಒಂದು ಗಳಿಗೆ ನನ್ನ ಮುಖ ನೋಡಿದಳು. ನಾನು ಧೋಂಡಿಬಾನಿಗೆ ಬಜಾರ ಎಂಬ ಮಾತು ಪರ್ಷಿಯಾದಿಂದ ಬಂದದ್ದನ್ನು ವಿವರಿಸುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಮುಂದೆ ಎಂದೂ ಇಲ್ಲದ ಗದ್ದಲ. ಸೊಸೆಯ ಕೈಗುಣ ಎಂದು ಎದುರಿನ ಅಂಗಡಿಯವರಿಗೆಲ್ಲ ಹೇಳಿಕೊಂಡು ಬಂದೆ.

ಸಂಜೆ ಇಂದುಬಾಯಿ ಬಂದವಳೇ ನೀರೂ ಕುಡಿಯದೆ ಉಳಿದ ಚುರಮರಿ ಅಳೆದಳು. ಬರೆದಿಟ್ಟ ಲೆಕ್ಕಕ್ಕಿಂತ ಮೂವತ್ತೆರಡು ಶೇರು ಕಡಿಮೆ. ರುತುಜಾಳ ಮುಖ ಬಾಡಿತು.

"ಹ್ಯಾಂಗ ಅಳದಿ, ತೋರಸು."

ರುತುಜಾ ಶೇರು ತುಂಬಿದಳು. "ಲಾಭ. ಒಂದು. ಎರಡು."

ಇಂದುಬಾಯಿ ಸೊಸೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಹಿಂಗ ಎಣಸಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ರಿ ಅತ್ತಿ. ನಂದ ತಪ್ಪು" ಎಂದಳು ರುತುಜಾ. ಅವಳ ಕಣ್ಣು ತುಂಬಿತ್ತು. ನನಗೆ ನಾಚಿಕೆಯಾಯಿತು.

"ನಾನ ಹೇಳೀನಿ, ಲಾಭ ಅಂಕಿ ಅಲ್ಲಂತ. ತಪ್ಪು ನಂದು" ಎಂದೆ.

"ಅದು ನಂಗ ಚೀಲ ನೋಡಿದ ಕೂಡ್ಲೇನ ತಿಳೀತು. ಇರ್ಲಿ. ಎಷ್ಟ ಮಂದಿ ಗಿರಾಕಿ ಬಂದಿದ್ರು?"

ರುತುಜಾ ಲೆಕ್ಕದ ವಹಿ ತೆರೆದು ಬೆರಳಿಟ್ಟು ಎಣಿಸಿದಳು. "ಮೂವತ್ತೆರಡ್ರಿ."

ಇಂದುಬಾಯಿ ವಹಿಯನ್ನು ತನ್ನ ಕಡೆ ಎಳೆದುಕೊಂಡಳು. "ಮೂವತ್ತೆರಡ ಮಂದಿ, ಮೂವತ್ತೆರಡ ಶೇರು. ತಲಿಗೊಂದ ಶೇರು ಜಾಸ್ತಿ ಹೋಗೈತಿ. ಒಂದ ಮುಟಿಗಿ ಹೆಚ್ಚಿಲ್ಲ, ಕಡಿಮಿಲ್ಲ. ನಾ ಹೊಸದಾಗಿ ಕುಂತಾಗ ದೊಡ್ಡ ಮನ್ಯಾವ್ರಿಗೆ ಗೋಪುರ ಏರಿಸಿ ಅಳೀತಿದ್ನಿ, ಬಡವರಿಗೆ ಅಂಗೈಲೆ ಸವರತಿದ್ನಿ. ಈಕಿ ಎಲ್ಲಾರಿಗೂ ಒಂದ ಕೈಲೆ ಅಳದಾಳ. ಎಣಿಕಿ ನಾಳೆ ಕಲೀತಾಳ. ಇಂಥಾ ಕೈ ಕಲಿಸಾಕ ಬರೂದಿಲ್ಲ." ಸೊಂಟದ ಕೀಲಿಕೈ ಬಿಚ್ಚಿ ಸೊಸೆಯ ಕೈಗಿಟ್ಟಳು. "ತಗೋ. ಹಂಗ ಇವ್ರ ಬಾಯಿಗೂ ಒಂದ ಕೀಲಿ ತಂದಿಡು."

"ಕೀಲಿ ಅನ್ನೂ ಮಾತು ಮೂಲದಾಗ..." ಎಂದು ಶುರು ಮಾಡಿದ್ದೆ ಅಷ್ಟೇ. ಅತ್ತೆ, ಸೊಸೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಚಾ ಮಾಡ್ಲೇನ?" ಎಂದೆ.

ಅಂದಿನಿಂದ ಕೀಲಿಕೈ ರುತುಜಾಳದು. ಒಲೆ ನನ್ನದು.